ಎಲೆ ಉದುರದ ಹೆಮ್ಲಾಕ್

ನಮ್ಮ ಕಾಲೇಜಿನ ಸಸ್ಯಶಾಸ್ತ್ರ ವಿಭಾಗ ಸತ್ತದ್ದು ಯಾವ ಗಲಾಟೆಯೂ ಇಲ್ಲದೆ. ಕೊನೆಯ ವರ್ಷ ಸೇರಿದವರು ಮೂವರು. ಅವರಲ್ಲಿ ಇಬ್ಬರು ಆನ್‌ಲೈನ್ ಅರ್ಜಿಯಲ್ಲಿ ಬೆರಳು ತಪ್ಪಿ ನಮ್ಮ ವಿಷಯವನ್ನು ಒತ್ತಿದವರು. ಬೇಗನೆ ಕಾಮರ್ಸಿಗೆ ಹೋದರು. ಮೂರನೆಯವಳಿಗೆ ನಿಜವಾಗಿಯೂ ಗಿಡಗಳ ಮೇಲೆ ಪ್ರೀತಿಯಿತ್ತು. ಅವಳನ್ನು ಪ್ರಿನ್ಸಿಪಾಲರು ಕೋಣೆಗೆ ಕರೆಸಿಕೊಂಡು, ಕೆಟ್ಟ ರಿಪೋರ್ಟ್ ಓದಿ ಹೇಳುವ ಡಾಕ್ಟರ ದನಿಯಲ್ಲಿ ಬುದ್ಧಿ ಹೇಳಿ, ಬಯೋಟೆಕ್ನಾಲಜಿಗೆ ಸೇರಿಸಿದರು. ಅಲ್ಲಿಗೆ ರಾಜಾಜಿನಗರದ ಆ ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ ನಾನು ಮತ್ತು ಗಾಡ್ರೆಜ್ ಬೀರುಗಳು ಮಾತ್ರ ಉಳಿದೆವು.

ನಾನು ಓದಿದ್ದೂ ಅದೇ ಕಾಲೇಜಿನಲ್ಲಿ. ಪಾಠ ಮಾಡಿದ್ದು ಮಾತ್ರ ಅದೇ ಆಡಳಿತ ಮಂಡಳಿಯ ಕೆಂಗೇರಿ ಕಾಲೇಜಿನಲ್ಲಿ. ನಿವೃತ್ತಿಗೆ ಸ್ವಲ್ಪ ಮುಂಚೆ ನನ್ನನ್ನು ಇಲ್ಲಿಗೆ ವರ್ಗ ಮಾಡಿದಾಗ, ಓದಿದ ಜಾಗಕ್ಕೆ ಮರಳುವ ಗೌರವ ಎಂದುಕೊಂಡು ನಾಲ್ಕು ಜನರಿಗೆ ಹೇಳಿಕೊಂಡೂ ಬಂದೆ. ಬಂದ ಮೇಲೆ ತಿಳಿಯಿತು, ನನ್ನನ್ನು ಕರೆಸಿದ್ದು ಬಾಗಿಲು ಹಾಕುವುದಕ್ಕೆ. ನಮ್ಮ ಲ್ಯಾಬಿಗೆ ಡೇಟಾ ಸೈನ್ಸ್ ಬರುವುದಿತ್ತು. ಅದಕ್ಕೆ ಎ.ಸಿ. ಬೇಕಂತೆ. ನಮ್ಮ ಗಿಡಗಳಿಗೆ ಒಂದು ಫ್ಯಾನು ಕೇಳಿದಾಗ ಕರೆಂಟ್ ಬಿಲ್ಲಿನ ಮೇಲೆ ಭಾಷಣ ಮಾಡಿದ್ದವರೇ ಈಗ ಗೋಡೆಗೆ ಎಲ್ಲೆಲ್ಲಿ ತೂತು ಹಾಕಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಮಾಡಿಸುತ್ತಿದ್ದರು.

ಮೈಕ್ರೋಸ್ಕೋಪುಗಳು ಕೆಂಗೇರಿಗೆ ಹೋದವು. ಫಾರ್ಮಲಿನ್ ಬಾಟಲಿಯೊಳಗಿನ ಅಣಬೆಗಳನ್ನು ಯಾರೂ ಕೇಳಲಿಲ್ಲ. ಉಳಿದದ್ದು ಹರ್ಬೇರಿಯಂ, ಅಂದರೆ ಒಣಗಿಸಿ ದಪ್ಪ ಹಾಳೆಗೆ ಅಂಟಿಸಿ, ಬಲಗಡೆ ಕೆಳಗೆ ಹೆಸರಿನ ಲೇಬಲ್ ಹಚ್ಚಿದ ಗಿಡಗಳು. ಊರಿನ ದೊಡ್ಡದೊಂದು ಸಂಶೋಧನಾ ಸಂಸ್ಥೆ ಅವನ್ನು ತೆಗೆದುಕೊಳ್ಳಲು ಒಪ್ಪಿತು. ಷರತ್ತು ಒಂದೇ: ಪ್ರತಿ ಹಾಳೆಯ ಗಿಡವನ್ನೂ ನಾನು ಪರೀಕ್ಷಿಸಿ, ಹೆಸರು ಸರಿಯೆಂದು ಸಹಿ ಹಾಕಬೇಕು. ತಪ್ಪಿದ್ದರೆ ಸರಿಯಾದ ಹೆಸರನ್ನು ಒಂದು ಸಣ್ಣ ಚೀಟಿಯಲ್ಲಿ ಬರೆದು, ಗುರುತಿಸಿದವರ ಹೆಸರು ಸೇರಿಸಿ, ಹಳೇ ಲೇಬಲ್ಲಿನ ಪಕ್ಕ ಅಂಟಿಸಬೇಕು. ಹಳೇ ಲೇಬಲ್ಲನ್ನು ಕೀಳುವ ಹಾಗಿಲ್ಲ, ಅದರ ಮೇಲೆ ಗೀಟು ಎಳೆಯುವ ಹಾಗೂ ಇಲ್ಲ. ನಮ್ಮ ಶಾಸ್ತ್ರದಲ್ಲಿ ತಪ್ಪನ್ನು ಅಳಿಸುವ ಪದ್ಧತಿಯಿಲ್ಲ, ಪಕ್ಕದಲ್ಲಿ ಇನ್ನೊಬ್ಬರ ಸಹಿ ಬೀಳುತ್ತದೆ ಅಷ್ಟೆ. ಗಂಡ ಹೆಂಡತಿಯ ಜಗಳಕ್ಕೂ ಇದೇ ಪದ್ಧತಿ ಎಂದು ನಮ್ಮ ಮನೆಯವರು ಒಮ್ಮೆ ಹೇಳಿದ್ದರು.

ನಾನು ಬೀರು ತೆಗೆಯುವ ಮೊದಲೇ ನನ್ನ ಮೇಷ್ಟ್ರ ಫೋನು ಬಂತು. ನನಗೆ ಪಾಠ ಹೇಳಿದವರು, ಆ ವಿಭಾಗವನ್ನು ಕಟ್ಟಿದವರು. ಈಗ ಎಂಬತ್ತು ದಾಟಿದೆ, ಬಸವೇಶ್ವರನಗರದಲ್ಲಿದ್ದಾರೆ, ಕಣ್ಣು ಬಹುಪಾಲು ಹೋಗಿದೆ. ಯಾವ ಹಾಳೆ ಎಲ್ಲಿಗೆ ಹೋದರೂ ತಮಗೆ ಚಿಂತೆಯಿಲ್ಲ, ಹುಳ ಬಿದ್ದಿದ್ದರೆ ಸುಟ್ಟುಬಿಡಬಹುದು ಎಂದರು. ಆಮೇಲೆ ತಡೆದು, ಹೆಮ್ಲಾಕ್ ಮಾತ್ರ ತಮ್ಮ ಹೆಸರಿನಲ್ಲಿ ಅಲ್ಲಿ ಉಳಿಯಬೇಕು ಎಂದರು. ತಾವು ಮಾಡಿದ ಕೆಲಸವೆಂದು ಈ ಭೂಮಿಯ ಮೇಲೆ ಉಳಿಯುವುದು ಅದೊಂದೇ ಹಾಳೆ ಎಂದೂ ಸೇರಿಸಿದರು. ಕಳಿಸುವ ಮುಂಚೆ ಒಂದು ಸಲ ಮನೆಗೆ ತರುತ್ತೀಯಾ ಎಂದು ಕೇಳಿದ ದನಿಯಲ್ಲಿ ಸಂಕೋಚವಿತ್ತು. ಮೇಷ್ಟ್ರಿಗೆ ಸಂಕೋಚ ಎಂಬುದೊಂದು ಇದೆಯೆಂದು ನನಗೆ ಗೊತ್ತಾದದ್ದೇ ಅವತ್ತು.

ಹೆಮ್ಲಾಕಿನ ಕಥೆ ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ಮೇಷ್ಟ್ರು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮದುವೆಯಾದ ಹೊಸದರಲ್ಲಿಯೂ ಹೌದು, ಅಧ್ಯಾಪಕರ ಒಂದು ತಂಡದ ಜೊತೆ ಡಾರ್ಜಿಲಿಂಗಿನ ಮೇಲಿನ ಕಾಡುಗಳಿಗೆ ಹೋಗಿದ್ದರು. ಅಲ್ಲಿ ಮಂಜಿನೊಳಗೆ ಆ ಮರವನ್ನು ನೋಡಿದರು. ಮುಂದೆ ಪ್ರತಿ ವರ್ಷವೂ ಪ್ರತಿ ಬ್ಯಾಚಿಗೂ ಆ ಮಂಜು ಒಂದು ಇಡೀ ಪೀರಿಯಡ್ ಕವಿದಿರುತ್ತಿತ್ತು. ಕೊಂಬೆಗಳು ಕೆಳಗೆ ಬಾಗಿ ತುದಿ ಜೋತುಬಿದ್ದದ್ದನ್ನು ತೋರಿಸಲು ಅವರು ಎರಡೂ ತೋಳು ಚಾಚಿ, ಮಣಿಕಟ್ಟು ಸಡಿಲ ಬಿಟ್ಟು, ಕಪ್ಪು ಹಲಗೆಯ ಮುಂದೆ ನಿಲ್ಲುತ್ತಿದ್ದರು. ಹಿಂದಿನ ಬೆಂಚಿನವರು ಹಾಗೇ ನಿಂತು ತೋರಿಸಿ ನಗಿಸುತ್ತಿದ್ದರು.

ಆ ಮರದ ಹೆಸರಿನ ಪುರಾಣವೂ ಅವರಿಗೆ ಬಾಯಿಪಾಠ. ಬ್ರಿಟಿಷರು ಮೊದಲು ಅದನ್ನು ಪೈನ್ ಎಂದು ಬರೆದುಕೊಂಡರು. ಆಮೇಲೆ ಬಂದವರು ಇದು ಪೈನ್ ಅಲ್ಲ, ಫರ್ ಎಂದು ಏಬೀಸ್ ಕುಲಕ್ಕೆ ಸೇರಿಸಿದರು. ಇನ್ನೂ ಆಮೇಲಿನವರು ಅದೂ ಅಲ್ಲವೆಂದು ತ್ಸೂಗಾ ಎಂಬ ಬೇರೆ ಕುಲವನ್ನೇ ಮಾಡಿದರು. ಅದು ಜಪಾನಿನವರು ತಮ್ಮ ಕಡೆಯ ಹೆಮ್ಲಾಕನ್ನು ಕರೆಯುವ ಹೆಸರು. ಪೂರ್ತಿ ಹೆಸರು ತ್ಸೂಗಾ ಡ್ಯುಮೋಸ. ಡ್ಯುಮೋಸ ಎಂದರೆ ಪೊದೆಯಂಥದ್ದು. ಮರವೋ ತೆಂಗಿಗಿಂತ ಎತ್ತರ ಬೆಳೆಯುತ್ತದೆ. ಹೀಗೆ ಹಿಮಾಲಯದಲ್ಲಿ ಹುಟ್ಟಿ, ಲ್ಯಾಟಿನ್ನಿನಲ್ಲಿ ಪೊದೆಯೆನಿಸಿಕೊಂಡು, ಜಪಾನಿನ ಮನೆತನದ ಹೆಸರು ಹೊತ್ತ ಮರವನ್ನು ನಾವು ರಾಜಾಜಿನಗರದಲ್ಲಿ ಕೂತು ಉರು ಹೊಡೆಯುತ್ತಿದ್ದೆವು. ನಾವು ಕಣ್ಣಾರೆ ಕಂಡಿದ್ದ ಸೂಜಿ ಎಲೆಯ ಮರವೆಂದರೆ ಅಕ್ಕಪಕ್ಕದ ಕಾಂಪೌಂಡುಗಳಲ್ಲಿದ್ದ ಅರಾಕೇರಿಯ, ಅದನ್ನು ಊರೆಲ್ಲ ಕ್ರಿಸ್‌ಮಸ್ ಟ್ರೀ ಎನ್ನುತ್ತಿತ್ತು.

ಹೆಮ್ಲಾಕ್ ಅಂದರೆ ವಿಷ ಅಲ್ಲವೇ ಎಂದು ಮನೆಯವರು ಕೇಳಿದರು, ನಾನು ಹಾಳೆಯ ವಿಷಯ ಎತ್ತಿದಾಗ. ಅದು ಬೇರೆ, ಕೊತ್ತಂಬರಿಯ ಬಳಗದ ಒಂದು ಗಿಡ. ಈ ಮರದ ಎಲೆ ಹಿಸುಕಿದರೆ ಅದೇ ವಾಸನೆ ಬಂತೆಂದು ಯಾರೋ ಇದಕ್ಕೂ ಅದೇ ಹೆಸರು ಇಟ್ಟರು, ಮರ ಯಾರನ್ನೂ ಕೊಂದಿಲ್ಲ ಎಂದು ವಿವರಿಸಿದೆ. ಅವರು ಪೇಪರ್ ಮಡಿಸದೆ, ಹಾಗಾದರೆ ಇಷ್ಟು ವರ್ಷ ನೀನು ಅದರ ಮೇಲೆ ಯಾಕೆ ವಿಷ ಕಾರುತ್ತಿದ್ದೀಯ ಎಂದರು.

ಕಾರಣವಿತ್ತು. ನಾನು ಕೊನೆಯ ವರ್ಷದ ಬಿ.ಎಸ್ಸಿ.ಯಲ್ಲಿದ್ದಾಗ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಸ್ಪಾಟರ್ಸ್ ಇರುತ್ತಿತ್ತು. ಉದ್ದ ಮೇಜಿನ ಮೇಲೆ ಸಾಲಾಗಿ ಮಾದರಿಗಳನ್ನು ಇಟ್ಟು, ನಂಬರ್ ಹಾಕಿ, ಲೇಬಲ್ಲಿನ ಮೇಲೆ ಬಿಳಿ ಕಾಗದ ಮುಚ್ಚಿರುತ್ತಿದ್ದರು. ಒಂದೊಂದರ ಮುಂದೆಯೂ ಸ್ವಲ್ಪ ಹೊತ್ತು ನಿಂತು, ಏನೆಂದು ಗುರುತಿಸಿ, ಕಾರಣ ಬರೆದು, ಗಂಟೆ ಹೊಡೆದ ತಕ್ಷಣ ಮುಂದಿನದಕ್ಕೆ ಸರಿಯಬೇಕು. ಪರೀಕ್ಷೆಗೆ ಹೊಸ ಮಾದರಿ ತರುವ ಪದ್ಧತಿ ನಮ್ಮ ಕಾಲೇಜಿನಲ್ಲಿರಲಿಲ್ಲ. ಅದೇ ಹಾಳೆ, ಅದೇ ಬಾಟಲಿ ವರ್ಷವರ್ಷವೂ ಬರುತ್ತಿದ್ದವು. ಹಾಗಾಗಿ ಸೀನಿಯರ್‌ಗಳು ಜೂನಿಯರ್‌ಗಳಿಗೆ ಒಂದು ಗುಪ್ತವಿದ್ಯೆ ದಾಟಿಸಿದ್ದರು. ಮುಚ್ಚಳ ಒಡೆದ ಬಾಟಲಿ ಮಾರ್ಕಾಂಶಿಯ. ಮೂಲೆ ಹರಿದ ಹಾಳೆ ನೀಟಮ್. ಮೇಲ್ಗಡೆ ಎಡಕ್ಕೆ ಬೊಂಡದ ಎಣ್ಣೆ ಕಲೆ ಇದ್ದರೆ ತ್ಸೂಗಾ. ಆ ಕಲೆಯನ್ನು ನಂಬಿಕೊಂಡು ಎಷ್ಟೋ ಜನ ಪದವೀಧರರಾದರು, ಕೆಲವರು ಸಸ್ಯಶಾಸ್ತ್ರದ ಪ್ರೊಫೆಸರೂ ಆದರು.

ನನಗೆ ಆ ವಿದ್ಯೆ ಬಂದಿರಲಿಲ್ಲ. ಕೆಂಗೇರಿಯಿಂದ ಬಸ್ಸು ಹಿಡಿದು ಬರುತ್ತಿದ್ದೆ, ಕ್ಲಾಸು ಮುಗಿದ ತಕ್ಷಣ ಓಡುತ್ತಿದ್ದೆ, ಸೀನಿಯರ್‌ಗಳ ಸ್ನೇಹ ಸಂಪಾದಿಸಲು ಪುರಸೊತ್ತೇ ಇರಲಿಲ್ಲ. ಗತಿಯಿಲ್ಲದೆ ಗಿಡವನ್ನೇ ನೋಡಿದೆ. ಲೆನ್ಸ್ ಹಿಡಿದು ನೋಡಿ, ಏಬೀಸ್ ಎಂದು ಬರೆದು, ಕಾರಣವನ್ನೂ ಬರೆದು ಬಂದೆ. ಹೊರಗೆ ಬಂದಾಗ ಎಲ್ಲರೂ ಬೊಂಡ, ಬೊಂಡ ಎಂದು ನಗುತ್ತಿದ್ದರು. ನನಗೆ ಆ ಸ್ಪಾಟರಿನ ಅಂಕ ಪೂರ್ತಿ ಹೋಯಿತು. ಅದರಿಂದ ಜೀವನವೇನೂ ಹಾಳಾಗಲಿಲ್ಲ, ಎಂ.ಎಸ್ಸಿ. ಸೀಟೂ ಸಿಕ್ಕಿತು. ಆದರೂ ಮರೆಯಲಿಲ್ಲ. ನನಗೆ ಸಿಟ್ಟು ಬರುವುದು ಬೇಗ, ಹೋಗುವುದು ತೀರ ನಿಧಾನ. ಕೆಂಗೇರಿಯಲ್ಲಿ ಪ್ರತಿ ವರ್ಷ ಕೋನಿಫರ್ ಎಂಬ ಸೂಜಿ ಎಲೆಯ ಮರಗಳ ಪಾಠ ಮಾಡುವಾಗಲೂ ಅದು ನನ್ನ ಪಕ್ಕದಲ್ಲಿ ಬಂದು ನಿಲ್ಲುತ್ತಿತ್ತು. ಆಮೇಲೆ ಸಿಲೆಬಸ್ ಬದಲಾಗಿ ಪೈನಸ್ ಒಂದೇ ಉಳಿಯಿತು. ಹೆಮ್ಲಾಕ್ ಬೀರುವಿನಲ್ಲೇ ಮಲಗಿತು.

ಮೇಷ್ಟ್ರ ಫೋನು ಬಂದ ಮಾರನೇ ದಿನ ಆ ಬೀರು ತೆಗೆದೆ. ನಾಫ್ತಲೀನ್ ವಾಸನೆ ಮೂಗಿಗೆ ಹೊಡೆಯಿತು. ಹಾಳೆ ಹಳದಿಯಾಗಿತ್ತು, ಲೇಬಲ್ಲಿನ ಗೋಂದು ಒಣಗಿ ಒಂದು ಮೂಲೆ ಎದ್ದಿತ್ತು, ಬೊಂಡದ ಕಲೆ ಮಾತ್ರ ಕಾಲಕ್ಕೆ ಜಗ್ಗದೆ ಹಾಗೇ ಇತ್ತು. ಕೊಂಬೆಯನ್ನು ನೋಡಿದರೆ, ನಿನ್ನೆ ಅಂಟಿಸಿದಂತಿದೆ. ಬುಡದ ಹತ್ತಿರ, ಹುಡುಗರ ಕೈ ತಾಗಿ ಒಂದಷ್ಟು ಎಲೆ ಹೋಗಿದ್ದು ಬಿಟ್ಟರೆ, ಸೂಜಿಗಳೆಲ್ಲ ಸಾಲಾಗಿ ನಿಂತಿವೆ. ಎಷ್ಟು ಚೆನ್ನಾಗಿ ಉಳಿದಿದೆ ಎಂದು ಮೆಚ್ಚಿಕೊಳ್ಳುತ್ತಾ ಕೈಗೆತ್ತಿಕೊಂಡವಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಒಯ್ದೆ.

ಹೆಮ್ಲಾಕ್ ಹೀಗೆ ಉಳಿಯುವುದಿಲ್ಲ. ಅದರ ಎಲೆ ಒಣಗಿದರೆ ಉದುರಿಹೋಗುತ್ತದೆ. ಒಂದೊಂದು ಎಲೆಯೂ ಕಡ್ಡಿಯಿಂದ ಎದ್ದ ಸಣ್ಣ ಉಬ್ಬಿನ ಮೇಲೆ ಪುಟ್ಟ ತೊಟ್ಟಿನಿಂದ ನಿಂತಿರುತ್ತದೆ. ನೀರಾರಿದ ತಕ್ಷಣ ಕಳಚಿಕೊಳ್ಳುತ್ತದೆ. ಕುದಿಯುವ ನೀರಿನಲ್ಲಿ ಅದ್ದಿ ಆಮೇಲೆ ಒತ್ತಿದರೆ ಸ್ವಲ್ಪ ನಿಲ್ಲಬಹುದು. ಇಲ್ಲದಿದ್ದರೆ ಹಾಳೆಯ ಮೇಲೆ ಬೋಳು ಕಡ್ಡಿ, ಪಕ್ಕದ ಪೊಟ್ಟಣದಲ್ಲಿ ಉದುರಿದ ಎಲೆ, ಇಷ್ಟೇ ಸಿಗುವುದು. ಫರ್ ಹಾಗಲ್ಲ. ಅದರ ಎಲೆಯ ಬುಡ ಕಡ್ಡಿಗೆ ನೇರವಾಗಿ ಕಚ್ಚಿಕೊಂಡಿರುತ್ತದೆ, ಒಣಗಿದರೂ ಬಿಡುವುದಿಲ್ಲ. ನಮ್ಮ ಹಾಳೆ ಇಷ್ಟು ಕಾಲ ಅಚ್ಚುಕಟ್ಟಾಗಿ ಉಳಿದದ್ದೇ ಅದರ ಮೇಲಿದ್ದ ದೊಡ್ಡ ಆರೋಪ.

ಆದರೂ ಖಾತ್ರಿ ಬೇಕಿತ್ತು. ಒಂದು ಎಲೆ ಬಿಡಿಸಿ ಬಿಸಿನೀರಿನಲ್ಲಿ ನೆನೆಸಿ, ಹೊಸ ಬ್ಲೇಡಿನಲ್ಲಿ ಅಡ್ಡಕ್ಕೆ ತೆಳ್ಳಗೆ ಸೆಕ್ಷನ್ ಕೊಯ್ದು, ಕೆಂಗೇರಿಗೆ ಹೋಗಲು ಕಾದಿದ್ದ ಕೊನೆಯ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಹೆಮ್ಲಾಕಿನ ಎಲೆಯಲ್ಲಿ ರಾಳದ ನಾಳ ಒಂದೇ, ನಡುವಿನ ನರದ ಕೆಳಗೆ. ಇಲ್ಲಿ ಎರಡಿದ್ದವು, ಅಂಚಿಗೊಂದೊಂದು. ಹಾಳೆಗೆ ಅಂಟಿಸಿದ್ದ ಪೊಟ್ಟಣವನ್ನೂ ಬಿಚ್ಚಿದೆ. ಅದರಲ್ಲಿದ್ದ ಕಾಯಿ, ಏಲಕ್ಕಿಗಿಂತ ಕೊಂಚ ದಪ್ಪದ್ದು, ಮಾತ್ರ ಸಾಕ್ಷಾತ್ ಹೆಮ್ಲಾಕಿನದು. ಕಾಯಿ ಹೆಮ್ಲಾಕಿನದು, ಕೊಂಬೆ ಫರ್‌ನದು. ಕಾಯಿಯನ್ನು ನೋಡಿದವರು ಕೊಂಬೆಯನ್ನು ನಂಬಿದ್ದರು.

ಅಂದರೆ ಏಬೀಸ್. ಅಂದರೆ ನಾನು ಬರೆದದ್ದು ಸರಿ.

ಖುಷಿಯಾಯಿತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಖಾಲಿ ಲ್ಯಾಬಿನಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕೆ. ಎ.ಸಿ. ತೂತಿನ ಅಳತೆಗೆ ಬಂದಿದ್ದ ಇಬ್ಬರು ಬಾಗಿಲಲ್ಲೇ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊರಟುಹೋದರು. ಹೊಸಹಳ್ಳಿಯ ಮನೆಗೆ ನಡೆದುಕೊಂಡೇ ಬಂದೆ, ಅಷ್ಟು ಹುರುಪು. ಯಾರಿಗಾದರೂ ಹೇಳಬೇಕು. ಆ ಬ್ಯಾಚಿನ ವಾಟ್ಸಾಪ್ ಗುಂಪೊಂದಿದೆ. ಅದರಲ್ಲಿ ಬೆಳಿಗ್ಗೆ ಹೂವಿನ ಚಿತ್ರ ಹಾಕುವುದು ಬಿಟ್ಟರೆ ಸಸ್ಯಶಾಸ್ತ್ರ ಸುಳಿದಿಲ್ಲ. ಮನೆಯವರಿಗೆ ಹೇಳಿದೆ. ಅವರು ಪೂರ್ತಿ ಕೇಳಿ, ಒಳ್ಳೆಯದಾಯಿತು, ಈಗ ಮೇಷ್ಟ್ರಿಗೆ ಏನು ಹೇಳುತ್ತೀ ಎಂದರು.

ಅಲ್ಲಿಗೆ ಹುರುಪು ಇಳಿಯಿತು. ಭೂಮಿಯ ಮೇಲೆ ಉಳಿಯುವುದು ಅದೊಂದೇ ಹಾಳೆ ಎಂದವರಿಗೆ, ಸಾರ್, ಅದೂ ಇಲ್ಲ ಎಂದು ಹೇಳುವುದು ಹೇಗೆ? ಹೇಳದೆ ಸಹಿ ಹಾಕಿದರೆ ಸುಳ್ಳು ಲೇಬಲ್ಲಿಗೆ ನನ್ನ ಹೆಸರೂ ಸೇರುತ್ತದೆ. ಮುಂದೆ ಯಾರೋ ಅದನ್ನು ನಂಬಿ ಏನೋ ಬರೆಯುತ್ತಾರೆ. ಎರಡು ದಿನ ನನ್ನೊಳಗೇ ವಾದ ಮಾಡಿದೆ. ಕೊನೆಗೆ ಬುದ್ಧಿವಂತರು ಮಾಡುವ ಹಾಗೆ ಎರಡನ್ನೂ ಮಾಡುವುದೆಂದು ತೀರ್ಮಾನಿಸಿದೆ. ಮೇಷ್ಟ್ರ ಮುಂದೆ ಹೆಮ್ಲಾಕ್ ಎನ್ನುವುದು, ಆಮೇಲೆ ಕಾಲೇಜಿಗೆ ಬಂದು ಏಬೀಸ್ ಎಂದು ಚೀಟಿ ಅಂಟಿಸುವುದು. ಹೇಗಿದ್ದರೂ ಅವರಿಗೆ ಕಣ್ಣು ಕಾಣುವುದಿಲ್ಲ. ಹೀಗೆ ಯೋಚಿಸಿದ ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಹಾಳೆಯನ್ನು ಎರಡು ರಟ್ಟುಗಳ ನಡುವೆ ಇಟ್ಟು ದಾರ ಕಟ್ಟಿ, ಮಡಿಲಲ್ಲಿ ನೆಟ್ಟಗೆ ಹಿಡಿದು ಆಟೋದಲ್ಲಿ ಕೂತೆ. ದೇವರ ಫೋಟೋನಾ ಮೇಡಂ ಎಂದು ಆಟೋದವನು ಕೇಳಿದ. ಹೌದೆಂದೆ. ಹಂಪ್ ಬಂದಲ್ಲೆಲ್ಲ ಅವನು ಭಕ್ತಿಯಿಂದ ನಿಧಾನ ಮಾಡಿದ.

ಮೇಷ್ಟ್ರ ಹೆಂಡತಿಯೇ, ವಿದ್ಯಾರ್ಥಿಗಳೆಲ್ಲ ಅಮ್ಮ ಎನ್ನುವವರು, ಬಾಗಿಲು ತೆಗೆದರು. ದಾವಣಗೆರೆ ಕಡೆಯವರು, ಕೂರುವ ಮೊದಲೇ ಮಂಡಕ್ಕಿ ಒಗ್ಗರಣೆ ತಟ್ಟೆ ಬಂತು. ಮೇಷ್ಟ್ರು ಕಿಟಕಿಯ ಬಳಿ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಹೆಣ್ಣು ನೋಡಲು ಹೊರಟ ಗಂಡಿನ ಕಡೆಯವರಂತೆ ತಯಾರಾಗಿ ಕೂತಿದ್ದರು. ಮುಂದಿನ ಟೀಪಾಯಿಯನ್ನು ಒರೆಸಿ ಖಾಲಿ ಮಾಡಿಸಿದ್ದರು. ಮಂಡಕ್ಕಿ ತಟ್ಟೆಯನ್ನು ಅದರ ಮೇಲೆ ಇಡಲು ಹೋದಾಗ ಹೆಂಡತಿಯನ್ನು ಗದರಿದರು. ಈಗ ಎಣ್ಣೆಯ ಬಗ್ಗೆ ಎಚ್ಚರ ಬಂದಿತ್ತು.

ಹಾಳೆಯನ್ನು ಅವರ ಮುಂದೆ ಹರಡಿದೆ. ಎಲ್ಲ ಸರಿಯಾಗಿದೆ ಸಾರ್, ಒಂದು ಎಲೆಯೂ ಉದುರಿಲ್ಲ ಎಂದೆ. ನನ್ನ ಬಾಯಿಂದಲೇ ಬಂದ ಮಾತು ನನಗೇ ಕೇಳಿಸಿ ನಾಲಿಗೆ ಕಚ್ಚಿಕೊಂಡೆ. ಅವರ ಗಮನ ಅತ್ತ ಇರಲಿಲ್ಲ. ಅಂಗೈ ಅಗಲಿಸಿ ಹಾಳೆಯ ಮೇಲೆಲ್ಲ ಆಡಿಸಿದರು. ಪೊಟ್ಟಣ ಸಿಕ್ಕಿತು, ಕಾಯಿಯನ್ನು ಹೊರತೆಗೆದು ಬೆರಳುಗಳ ನಡುವೆ ಉರುಳಿಸಿದರು. ಮುಖ ಅರಳಿತು. ಮಂಜಿನ ಕಥೆ ಮತ್ತೆ ಶುರುವಾಯಿತು, ಎರಡೂ ತೋಳು ಚಾಚಿದವು, ಮಣಿಕಟ್ಟುಗಳು ಜೋತುಬಿದ್ದವು. ನಾನು ಹಿಂದಿನ ಬೆಂಚಿನವರಂತೆ ನಗಲಿಲ್ಲ.

ಆಮೇಲೆ ಕೊಂಬೆಗೆ ಬಂದರು. ತುದಿಯಿಂದ ಬುಡದ ಕಡೆಗೆ, ಎಲೆಗಳನ್ನು ಸವರುತ್ತಾ ಮೆಲ್ಲಗೆ ಇಳಿದರು. ಬುಡದಲ್ಲಿ, ಎಲೆ ಹೋಗಿ ಬರಿದಾಗಿದ್ದ ಜಾಗದಲ್ಲಿ, ಬೆರಳು ನಿಂತಿತು. ಮುಂದಕ್ಕೆ ಹೋಯಿತು, ಹಿಂದಕ್ಕೆ ಬಂತು. ಹೆಬ್ಬೆರಳಿನ ಉಗುರಿನಿಂದ ಅಲ್ಲಿ ಕೆರೆದು ನೋಡಿದರು. ಹೆಮ್ಲಾಕಿನ ಕಡ್ಡಿಯಾಗಿದ್ದರೆ ಅಲ್ಲಿ ತುರಿಯುವ ಮಣೆಯಂತೆ ಒರಟು ಸಿಗಬೇಕಿತ್ತು, ಎಲೆ ನಿಂತಿದ್ದ ಉಬ್ಬುಗಳು. ಅದನ್ನು ನಮಗೆ ಕಲಿಸಿದವರು ಅವರೇ. ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ತಿಳಿಯಬೇಕು ಎಂದು ಹೇಳುತ್ತಿದ್ದವರೂ ಅವರೇ.

"ನುಣುಪಾಗಿದೆ," ಎಂದರು.

ನಾನು ಮಂಡಕ್ಕಿ ತಟ್ಟೆ ಕೈಗೆತ್ತಿಕೊಂಡೆ.

"ನುಣುಪಾಗಿದೆ ಕಣಮ್ಮ. ನೀನು ನೋಡಿದೀಯ. ಸೆಕ್ಷನ್ ಹಾಕ್ದೆ ಇರೋಳಲ್ಲ ನೀನು. ನಾಳ ಎಷ್ಟಿತ್ತು ಹೇಳು."

ಎಲ್ಲ ಜಾಣತನ ಎಲ್ಲಿ ಹೋಯಿತೋ. ಎರಡು ಸಾರ್ ಎಂದೆ. ಅವರು ಬೆರಳು ತೆಗೆಯಲಿಲ್ಲ. ಮನೆಯೊಳಗೆ ಕುಕ್ಕರ್ ಒಂದು ಸಲ ಕೂಗಿತು. ನನಗೆ ತಡೆಯಲಾಗಲಿಲ್ಲ, ಹೆಮ್ಲಾಕನ್ನೂ ಒಂದು ಕಾಲದಲ್ಲಿ ಪಂಡಿತರು ಏಬೀಸ್ ಅಂತಲೇ ಕರೆಯುತ್ತಿದ್ದರಲ್ಲ ಸಾರ್, ಅಂಥ ದೊಡ್ಡ ತಪ್ಪೇನಲ್ಲ ಎಂದೆ. ಹೆಸರು ಬದಲಾಯಿಸಿದವರು ಮರವನ್ನು ಬದಲಾಯಿಸಿರಲಿಲ್ಲ, ನನ್ನನ್ನು ಮಗುವಿನ ಹಾಗೆ ಸಮಾಧಾನ ಮಾಡಬೇಡ ಎಂದು ಗದರಿದರು. ಗದರಿದ್ದು ಕೇಳಿ ಜೀವಕ್ಕೆ ನೆಮ್ಮದಿಯಾಯಿತು.

ಆಮೇಲೆ ತಾವೇ ನೆನಪು ಮಾಡಿಕೊಂಡರು. ಆ ಕಾಡಿನಲ್ಲಿ ಎರಡೂ ಮರಗಳು ಬೆರೆತು ನಿಂತಿದ್ದವು. ಎರಡರದ್ದೂ ಕೊಂಬೆ ಕತ್ತರಿಸಿ, ಪೇಪರಿನ ನಡುವೆ ಇಟ್ಟು, ರೈಲಿನಲ್ಲಿ ದಿನಗಟ್ಟಲೆ ಹೊತ್ತು ತಂದಿದ್ದರು. ಮನೆಗೆ ಬಂದು ಬಿಚ್ಚಿದಾಗ ಒಂದು ಕೊಂಬೆ ಜೋರಾಗಿತ್ತು. ಇನ್ನೊಂದರ ಎಲೆಯೆಲ್ಲ ಉದುರಿ ಕಡ್ಡಿ ಬೋಳಾಗಿತ್ತು. ಚೆನ್ನಾಗಿರುವುದೇ ತಮ್ಮ ಹೆಮ್ಲಾಕ್ ಇರಬೇಕೆಂದು ತೆಗೆದುಕೊಂಡರು, ಪೇಪರಿನೊಳಗೆ ಕಳಚಿ ಬಿದ್ದಿದ್ದ ಕಾಯಿಯನ್ನೂ ಅದರದ್ದೇ ಎಂದು ಪೊಟ್ಟಣಕ್ಕೆ ಹಾಕಿದರು. ಅಷ್ಟು ದೂರದಿಂದ ತಂದದ್ದು, ಅಷ್ಟು ಪ್ರೀತಿಯದ್ದು, ಬೋಳಾಗಿರಲು ಸಾಧ್ಯವೇ ಎಂದು ಅನ್ನಿಸಿತಂತೆ. ಎಲೆ ಉದುರುವುದೇ ಹೆಮ್ಲಾಕಿನ ಗುರುತೆಂದು ಪುಸ್ತಕದಲ್ಲಿ ಓದಿದ್ದು ಆಮೇಲೆ. ಓದಿ ಪಾಠವನ್ನೂ ಮಾಡಿದರು. ಹಾಳೆಯನ್ನು ಮಾತ್ರ ಮತ್ತೆ ಮುಟ್ಟಿ ನೋಡಲಿಲ್ಲ.

ಆ ಬೋಳು ಕಡ್ಡಿ ಏನಾಯಿತು ಎಂದು ನಾನು ಕೇಳಿದೆ. ಉತ್ತರ ಅಡಿಗೆಮನೆಯ ಬಾಗಿಲಿಂದ ಬಂತು.

"ಬಚ್ಚಲೊಲೆಗೆ ಹಾಕಿದ್ನಲ್ಲ," ಎಂದರು ಅಮ್ಮ. "ನೀವೇ ಅಂದ್ರಿ ಅದು ಕಸ, ಗುಡಿಸಿಬಿಡು ಅಂತ. ಆ ನೀರಲ್ಲಿ ನೀವೇ ಮೈ ತೊಳ್ಕಂಡ್ರಿ. ಒಳ್ಳೇ ಘಮ ಬಂತು ಅಂತಾನೂ ಅಂದ್ರಿ."

ಮೇಷ್ಟ್ರು ತಲೆ ತಗ್ಗಿಸಿದರು. ಆಮೇಲೆ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆ ಎಂದು ನಾನು ಗಾಬರಿಯಾಗಿ ಎದ್ದೆ. ನಗುತ್ತಿದ್ದರು. ಇಡೀ ಬೆಂಗಳೂರಿಗೆ ಹೆಮ್ಲಾಕ್ ಪಾಠ ಮಾಡಿದವನು ಹೆಮ್ಲಾಕ್ ಉರಿಸಿ ಸ್ನಾನ ಮಾಡಿದೆ ಎಂದು ಹೇಳಿ ಕೆಮ್ಮು ಬರುವವರೆಗೂ ನಕ್ಕರು. ಆ ನಗುವಿನ ಧೈರ್ಯದಲ್ಲಿ ನಾನು ಬೊಂಡದ ಕಲೆಯ ಗುಟ್ಟನ್ನೂ ಒಪ್ಪಿಸಿಬಿಟ್ಟೆ. ಎಲ್ಲ ಬ್ಯಾಚಿನವರೂ ಗಿಡ ನೋಡದೆ ಕಲೆ ನೋಡಿ ಬರೆಯುತ್ತಿದ್ದರು ಎಂದೆ. ಆ ಬೊಂಡ ತಾವೇ ಡಬ್ಬಿಗೆ ಹಾಕಿ ಕಳಿಸಿದ್ದು ಎಂದು ಅಮ್ಮ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ಈ ಸಲ ಮೇಷ್ಟ್ರು ನಗಲಿಲ್ಲ.

ಪೆನ್ ತೆಗೆದುಕೋ, ಈಗಲೇ ನನ್ನ ಮುಂದೆಯೇ ಚೀಟಿ ಬರಿ ಎಂದರು. ಬರೆದೆ. ಏಬೀಸ್, ಅದರ ಮುಂದೆ ಪ್ರಭೇದದ ಹೆಸರು ಗೊತ್ತಿಲ್ಲದ್ದಕ್ಕೆ ಖಾಲಿ. ಗುರುತಿಸಿದವರ ಹೆಸರಿನ ಜಾಗದಲ್ಲಿ ಅವರ ಹೆಸರನ್ನೇ ಬರೆಯಲೇ ಎಂದು ಕೇಳಿದೆ. ಬೆರಳಿನಿಂದ ಕಂಡುಹಿಡಿದವರು ಅವರೇ ತಾನೇ. ಬೇಡ, ನಿನ್ನದು ಬರಿ ಎಂದರು. ಅಂಟಿಸಿದ ಮೇಲೆ ಕೈಯಿಂದ ಮುಟ್ಟಿ ನೋಡಿದರು, ಹಳೇ ಲೇಬಲ್ ಜಾಗದಲ್ಲೇ ಇದೆಯೇ ಎಂದು. ಮತ್ತೆ ಕೇಳಿದರು.

"ಪ್ರಾಕ್ಟಿಕಲ್‌ನಲ್ಲಿ ಅವತ್ತು ನೀನು ಏನು ಬರ್ದಿದ್ದೆ?"

ಇಷ್ಟು ವರ್ಷ ಈ ಪ್ರಶ್ನೆಗೆ ಕಾದಿದ್ದವಳು ನಾನು. ಬಸ್ಸಿನಲ್ಲಿ, ಅಡಿಗೆ ಮಾಡುವಾಗ, ಕ್ಲಾಸಿನಲ್ಲಿ ಎಷ್ಟೋ ಸಲ ಇದಕ್ಕೆ ಉತ್ತರ ಕೊಟ್ಟಿದ್ದೆ, ಒಂದಕ್ಕಿಂತ ಒಂದು ಖಾರವಾಗಿ. ನೆನಪಿಲ್ಲ ಸಾರ್, ಎಲ್ಲರ ಹಾಗೆ ತ್ಸೂಗಾ ಅಂತಲೇ ಬರೆದಿರಬೇಕು ಎಂದೆ.

"ಇಲ್ಲ. ಏಬೀಸ್ ಅಂತ ಬರ್ದಿದ್ದೆ. ಅಷ್ಟು ವರ್ಷದಲ್ಲಿ ನೀನೊಬ್ಳೇ. ಎಲೆಗೆ ತೊಟ್ಟಿಲ್ಲ, ಬಿದ್ದ ಜಾಗ ದುಂಡಗೆ ನುಣುಪಾಗಿದೆ ಅಂತ ಕಾರಣಾನೂ ಬರ್ದಿದ್ದೆ. ನಾನು ಓದ್ದೆ. ಓದಿ, ಎಷ್ಟು ಚೆನ್ನಾಗಿ ಬರ್ದಿದಾಳೆ, ಗಿಡ ಮಾತ್ರ ತಪ್ಪಾಯ್ತಲ್ಲ ಪಾಪ ಅಂದ್ಕೊಂಡು ಸೊನ್ನೆ ಹಾಕ್ದೆ. ಹಾಳೆ ಮೂರು ಮಾರು ದೂರದಲ್ಲಿತ್ತು. ಎದ್ದು ಹೋಗಿ ನೋಡ್ಲಿಲ್ಲ." ತಡೆದು, ಇನ್ನೂ ಮೆಲ್ಲಗೆ ಹೇಳಿದರು. "ಹುಡುಗ್ರು ಬೊಂಡ ನೋಡಿದ್ರು. ನಾನು ಲೇಬಲ್ ನೋಡ್ದೆ. ನೀನು ಗಿಡ ನೋಡ್ದೆ."

ಆ ಸಿಟ್ಟನ್ನು ನಾಫ್ತಲೀನ್ ಗುಳಿಗೆ ಹಾಕಿ ಕಾಪಾಡಿದಂತೆ ಕಾಪಾಡಿಕೊಂಡು ಬಂದಿದ್ದೆ, ಒಂದು ಎಲೆಯೂ ಉದುರದ ಹಾಗೆ. ಅವರು ನನ್ನನ್ನು ಮರೆತಿದ್ದಾರೆ ಎಂಬುದೇ ಅದರ ಲೇಬಲ್ಲಾಗಿತ್ತು, ಆ ಲೇಬಲ್ಲೂ ತಪ್ಪು. ಅವರ ಹೆಂಡತಿ ತಟ್ಟೆಗೆ ಮತ್ತೆ ಮಂಡಕ್ಕಿ ಹಾಕಿದರು, ಬೇಡವೆನ್ನಲೂ ಆಗದೆ ತಿಂದೆ, ಖಾರಕ್ಕೆ ಕಣ್ಣಲ್ಲಿ ನೀರು ಬಂತೆಂದು ಹೇಳಿದೆ. ಅವರಿಬ್ಬರೂ ನಂಬಿದಂತೆ ಮಾಡಿದರು.

ಸಂಸ್ಥೆಯಿಂದ ಹಾಳೆಗಳನ್ನು ಒಯ್ಯಲು ಬಂದಾಕೆ ಅಚ್ಚುಕಟ್ಟಿನ ಹೆಂಗಸು. ಲ್ಯಾಪ್‌ಟಾಪ್ ತೆರೆದು ಒಂದೊಂದನ್ನೂ ಅದಕ್ಕೆ ಸೇರಿಸುತ್ತಾ ಬಂದರು. ಹೊರಗೆ ಗೋಡೆ ಕೊರೆಯುವ ಸದ್ದು ಶುರುವಾಗಿತ್ತು. ಮೇಷ್ಟ್ರ ಹಾಳೆ ಬಂದಾಗ ಎರಡು ಹೆಸರು ನೋಡಿ ತಲೆಯೆತ್ತಿದರು. ಕಂಪ್ಯೂಟರಿಗೆ ಒಂದೇ ಹೆಸರು ಕೊಡಬೇಕಂತೆ. ಏಬೀಸ್ ಎಂದೆ. ಸಂಗ್ರಹಿಸಿದವರ ಜಾಗದಲ್ಲಿ ಮೇಷ್ಟ್ರ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿ ಬರೆಸಿದೆ.

ಆಕೆ ಹಾಳೆ ಎತ್ತಿ ಇಡುವಾಗ ಹಳೇ ಲೇಬಲ್ ಒಂದೇ ಮೂಲೆಯಲ್ಲಿ ನೇತಾಡಿತು.

"ಗೋಂದು ಬಿಟ್ಟಿದೆ ಮೇಡಂ. ಹೇಗಿದ್ರೂ ತಪ್ಪು ಹೆಸರು. ತೆಗೆದುಬಿಡ್ಲಾ?"

ಬೇಡ, ಕೊಡಿ ಎಂದೆ. ಖಾಲಿ ಬೀರುವಿನ ಕೆಳಗಿನ ಖಾನೆಯಲ್ಲಿ ಗೋಂದಿನ ಬಾಟಲಿ ಇನ್ನೂ ಇತ್ತು. ಲೇಬಲ್ಲಿನ ಹಿಂಬದಿಗೆಲ್ಲ ಸವರಿ, ನಾಲ್ಕೂ ಮೂಲೆ ಸರಿಮಾಡಿ, ಮೇಷ್ಟ್ರು ಹೊಸ ಅಧ್ಯಾಪಕರಾಗಿದ್ದಾಗಿನ ದುಂಡು ಅಕ್ಷರದ ತ್ಸೂಗಾ ಡ್ಯುಮೋಸವನ್ನು ಅದರ ಜಾಗದಲ್ಲೇ ಇಟ್ಟು, ಒಣಗುವವರೆಗೂ ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡೆ.